ಏಳು ವರ್ಷದ ಋಣ

ಗೋಲ್ಕೊಂಡದ ಹೆಬ್ಬಾಗಿಲ ಕಮಾನಿನ ಕೆಳಗೆ ನಿಂತು ಚಪ್ಪಾಳೆ ತಟ್ಟಿದರೆ ಗುಡ್ಡದ ತುದಿಯ ಬಾಲಾ ಹಿಸಾರಿನವರೆಗೂ ಕೇಳಿಸುತ್ತದೆ. ಹೈದರಾಬಾದ್ ನೋಡಲು ಬಂದವರು ಸಾಮಾನ್ಯವಾಗಿ ಈ ಚಪ್ಪಾಳೆಯನ್ನೇ ನೆನಪಿಟ್ಟುಕೊಂಡು ಹೋಗುತ್ತಾರೆ. ಹೊಸಪೇಟೆಯವನಾದ ನನಗೆ ಇಲ್ಲಿ ನೆನಪಾಗುವವನು ಇಬ್ರಾಹಿಂ ಕುತುಬ್ ಷಾ.

1543ರಲ್ಲಿ ಅಣ್ಣ ಜಮ್‌ಷೀದ್ ಗದ್ದುಗೆ ಏರಿದಾಗ ಇಬ್ರಾಹಿಂ ಜೀವ ಉಳಿಸಿಕೊಳ್ಳಲು ಓಡಿದ. ಕೊನೆಗೆ ಆಶ್ರಯ ಸಿಕ್ಕಿದ್ದು ವಿಜಯನಗರದಲ್ಲಿ, ರಾಮರಾಯನ ಬಳಿ. ಸುಮಾರು ಏಳು ವರ್ಷ ಅಲ್ಲೇ ಇದ್ದ, ತೆಲುಗು ಕಲಿತ. 1550ರಲ್ಲಿ ಮರಳಿ ಬಂದು ಸುಲ್ತಾನನಾದ. ಕೋಟೆಯ ಗೋಡೆಗಳನ್ನು ಕಲ್ಲಿನಿಂದ ಬಲಪಡಿಸಿದ, ತೆಲುಗು ಕವಿಗಳನ್ನು ಪೋಷಿಸಿದ. 1565ರ ಜನವರಿಯಲ್ಲಿ ಉಳಿದ ಸುಲ್ತಾನರ ಜೊತೆ ಸೇರಿ ಅದೇ ರಾಮರಾಯನ ಮೇಲೆ ಯುದ್ಧಕ್ಕೂ ಹೋದ. ರಾಮರಾಯನ ತಲೆ ಹೋಯಿತು, ಹಂಪಿ ಹಾಳಾಯಿತು.

ನನಗೂ ಈ ಊರಲ್ಲಿ ಏಳು ವರ್ಷವಾಯಿತು. ಕಳೆದ ಡಿಸೆಂಬರಿನಲ್ಲಿ ಅವ್ವ ಬಂದಿದ್ದಳು. "ನಮ್ಮ ಹಂಪಿ ಹಾಳು ಮಾಡಿದೋರ ಕೋಟಿ ನೋಡಾಕ ಏನೈತಪ್ಪಾ?" ಅನ್ನುತ್ತಲೇ, ಮಂಡಿನೋವು ಇದ್ದರೂ ಮೆಟ್ಟಿಲು ಹತ್ತಿದಳು. ದಾರಿಯಲ್ಲಿ ಇಬ್ರಾಹಿಮನ ಕಥೆ ಹೇಳಿದೆ. ಯಾರು ಗೆದ್ದರು, ಯಾರು ಸೋತರು ಎಂದು ಅವಳು ಕೇಳಲಿಲ್ಲ. "ಏಳು ವರ್ಷ ಉಂಡ ಮನಿಗೆ ಹಂಗ ಮಾಡಬಾರದಿತ್ತು" ಅಂದಳು, ಅಷ್ಟೇ.

ಬಾಲಾ ಹಿಸಾರಿನ ಮೇಲೆ ಗಾಳಿ ಜೋರಾಗಿತ್ತು. ಒಂದು ಕಡೆ ಕುತುಬ್ ಷಾಹಿ ಗೋರಿಗಳ ಗುಮ್ಮಟಗಳು. ಇಬ್ರಾಹಿಮನ ಗೋರಿಯೂ ಅಲ್ಲೇ ಇದೆ. ದೂರದಲ್ಲಿ ನಮ್ಮಂಥವರು ದುಡಿಯುವ ಗಾಜಿನ ಕಟ್ಟಡಗಳು. ಇನ್ನೊಂದು ಕಡೆ ಟೋಲಿಚೌಕಿ. ಅತ್ತ ಕೈ ತೋರಿಸಿ, ಮೊದಲ ವರ್ಷ ಅಲ್ಲಿ ಬಾಡಿಗೆಗಿದ್ದೆ ಎಂದೆ. ಆಗ ಡೆಂಗಿ ಬಂದು ಮಲಗಿದ್ದಾಗ ಮನೆಯ ಒಡತಿ ಹತ್ತು ದಿನ ಗಂಜಿ ಕಾಯಿಸಿ ಕೊಟ್ಟಿದ್ದರು. ಬಾಡಿಗೆ ಹುಡುಗರೆಲ್ಲ ಅವರನ್ನು ಖಾಲಾ ಎಂದೇ ಕರೆಯುತ್ತಿದ್ದೆವು.

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಆಕಿ ಮನಿ ಇಲ್ಲೇ ಐತೇನು? ಮಾತಾಡಿಸಿ ಬರಾನ ನಡಿ." ಕೋಟೆ ನೋಡುವುದು ಅಲ್ಲಿಗೆ ಮುಗಿಯಿತು.

ದಾರಿಗೆಂದು ಚೀಲದಲ್ಲಿಟ್ಟುಕೊಂಡಿದ್ದ ಶೇಂಗಾ ಉಂಡೆಯ ಡಬ್ಬಿ ಖಾಲಾ ಅವರ ಅಡುಗೆಮನೆ ಸೇರಿತು. ಅವ್ವನಿಗೆ ಉರ್ದು ಬಾರದು, ಖಾಲಾಗೆ ಕನ್ನಡ ಬಾರದು. ಇಬ್ಬರಿಗೂ ತೆಲುಗು ಬರುತ್ತದೆ. ಒಂದೂವರೆ ಗಂಟೆ ಅದರಲ್ಲೇ ಮಾತಾಡಿದರು, ಹೆಚ್ಚಿನದೆಲ್ಲ ನನ್ನ ಮೇಲಿನ ದೂರೇ.