ಮೊದಲ ಪಾಠ ಮನೆಮಾತಿನದು

ಪುಟ್ಟ ಮಕ್ಕಳಿಗೆ ಕಲಿಸಲು ಓದು ಯಾಕೆ ಬೇಕು ಎಂದು ಕೇಳುವವರು ಇಂದಿಗೂ ಇದ್ದಾರೆ. ಹಾಡು ಹೇಳಿಸುವುದು, ಉಣಿಸುವುದು, ಮಲಗಿಸುವುದು, ಇಷ್ಟೇ ತಾನೇ ಎಂಬುದು ಅವರ ಲೆಕ್ಕ. ಶಿಶುಶಿಕ್ಷಣದ ತರಬೇತಿಗೆಂದು ಸಿದ್ದಾಪುರ, ಯಲ್ಲಾಪುರಗಳಿಂದ ಶಿರಸಿಗೆ ಬಸ್ಸು ಹಿಡಿಯುತ್ತಿದ್ದ ನಮಗೂ ಮನೆಯಲ್ಲಿ ಕೇಳಿ ಬಂದದ್ದು ಇದೇ ಮಾತು. ನಮ್ಮಲ್ಲಿ ಬುರ್ಖಾ ತೊಟ್ಟವರಿದ್ದರು, ಕುಂಕುಮವಿಟ್ಟವರಿದ್ದರು. ಪಿಯುಸಿ ಮುಗಿಸಿ ಮನೆಯಲ್ಲಿದ್ದವರೂ ಮಕ್ಕಳೊಂದಿಗರೂ ಒಂದೇ ಬೆಂಚಿನಲ್ಲಿ ಕುಳಿತೆವು.

ಈ ಓದಿಗೆ ದೊಡ್ಡ ಪರಂಪರೆಯಿದೆ ಎಂಬುದು ನಮಗೆ ಅಲ್ಲಿ ತಿಳಿಯಿತು. ಗಿಜುಭಾಯಿ ಬಧೇಕಾ 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದರು. ಮಾರಿಯಾ ಮಾಂಟೆಸ್ಸರಿ 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದು ಶಿಕ್ಷಕರನ್ನು ತರಬೇತುಗೊಳಿಸಿದರು. ತಾರಾಬಾಯಿ ಮೋಡಕ್ ಅದನ್ನು ಹಳ್ಳಿಯ ಬಡವರ ಅಂಗಳಕ್ಕೆ ಒಯ್ದರು. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಮೊದಲು ಆಯ್ಕೆಯಾದದ್ದು ಟಿ. ನರಸೀಪುರ.

ಆದರೆ ನಮ್ಮ ಕಾಡಿನ ತಾಲೂಕುಗಳ ಪಾಠ ಬೇರೆಯೇ. ಇಲ್ಲಿ ಗೌಳಿಗರ ಮನೆಯಲ್ಲಿ ಮರಾಠಿ, ಸಿದ್ದಿಯರ ಮನೆಯಲ್ಲಿ ಕೊಂಕಣಿ ಬೆರೆತ ನುಡಿ, ಮುಸ್ಲಿಮರಲ್ಲಿ ಉರ್ದು, ಹವ್ಯಕರಲ್ಲಿ ಅವರದೇ ಕನ್ನಡ. ಬಾಯಾರಿದ ಮಗು ಒಂದು ಮನೆಯಲ್ಲಿ 'ಪಾನಿ' ಎಂದರೆ ಇನ್ನೊಂದರಲ್ಲಿ 'ಉದಕ' ಎನ್ನುತ್ತದೆ. ಅಂಗನವಾಡಿಯಲ್ಲಿ ಆ ಮಾತಿಗೆ ಉತ್ತರ ಬಾರದಿದ್ದರೆ ಮಗು ಸುಮ್ಮನಾಗುತ್ತದೆ. ಆ ಮೌನವನ್ನು ನೋಡಿದವರು ಮಗು ದಡ್ಡ ಎಂದುಬಿಡುತ್ತಾರೆ. ಮೂರು ವರ್ಷಕ್ಕೆ ಅಂಟಿದ ಆ ಹೆಸರು ಹತ್ತನೇ ತರಗತಿಯವರೆಗೂ ಬೆನ್ನು ಬಿಡದು.

ಆದ್ದರಿಂದ ನಾವು ಮಾಡಿದ ಮೊದಲ ಕೆಲಸ ಒಂದು ಪಟ್ಟಿ. ನೀರು, ಹಸಿವು, ನೋವು, ಉಚ್ಚೆ, ಅಮ್ಮ. ಇವಕ್ಕೆ ಪ್ರತಿ ಮನೆಯಲ್ಲಿ ಏನೆನ್ನುತ್ತಾರೆಂದು ತಾಯಂದಿರನ್ನು ಕೇಳಿ ಬರೆದುಕೊಂಡೆವು. ಎಣಿಕೆಗೆ ಸುಲಿಯದ ಅಡಿಕೆ ಸಾಕಾಯಿತು. ಅಜ್ಜಿಯರನ್ನು ಕರೆಸಿ ಅವರ ಮಾತಿನಲ್ಲೇ ಕಥೆ ಹೇಳಿಸಿದೆವು. ಕನ್ನಡ ಬೇಡವೆಂದಲ್ಲ. ಮನೆಮಾತಿನ ಹೊಸ್ತಿಲು ದಾಟಿಯೇ ಮಗು ಕನ್ನಡದ ಅಂಗಳಕ್ಕೆ ಬರಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮೂರರಿಂದ ಎಂಟು ವರ್ಷದವರೆಗಿನ ಕಲಿಕೆಯನ್ನು ಒಂದೇ ಹಂತವೆಂದು ಕಂಡು, ಮನೆಮಾತಿಗೆ ಒತ್ತು ಕೊಟ್ಟಿದೆ.

ಇಷ್ಟೆಲ್ಲ ಕಲಿತು ದುಡಿಯುವ ಅಂಗನವಾಡಿ ಕಾರ್ಯಕರ್ತೆಗೆ ಸಿಗುವುದು ಸಂಬಳವಲ್ಲ, ಗೌರವಧನ. ಅವರಿಗೆ ಗ್ರಾಚ್ಯುಯಿಟಿಯ ಹಕ್ಕಿದೆ ಎಂದು ಹೇಳಲು 2022ರಲ್ಲಿ ಸುಪ್ರೀಂ ಕೋರ್ಟೇ ಬೇಕಾಯಿತು. ಕೆಲಸವನ್ನು ಹಗುರವಾಗಿ ಕಾಣುವ ಸಮಾಜ ಕೂಲಿಯನ್ನೂ ಹಗುರವಾಗಿಯೇ ಕೊಡುತ್ತದೆ.

ಭಾಷೆಗಳ, ಬಣ್ಣಗಳ ವೈವಿಧ್ಯವನ್ನು ಪವಿತ್ರ ಕುರ್‌ಆನ್ (30:22) ಅಲ್ಲಾಹನ ದೃಷ್ಟಾಂತಗಳ ಸಾಲಿನಲ್ಲಿ ಇರಿಸಿದೆ. ಆ ದೃಷ್ಟಾಂತ ದಿನವೂ ಬೆಳಿಗ್ಗೆ ಕಾಣುವುದು ಅಂಗನವಾಡಿಯ ಚಾಪೆಯ ಮೇಲೆ. ನಮ್ಮ ಜಮಾಅತ್‌ಗಳು, ಸಂಘಗಳು ಮಕ್ಕಳನ್ನು ಯಾವ ಶಾಲೆಗೆ ಸೇರಿಸಬೇಕೆಂದು ಚರ್ಚಿಸುವಾಗ, ಆ ಚಾಪೆಯ ಬಳಿ ಕೂರುವ ಹೆಣ್ಣುಮಗಳ ಓದಿನ ಖರ್ಚಿನ ಬಗ್ಗೆಯೂ ಎರಡು ಮಾತಾಡಲಿ.