ಮೂರು ನಿಮಿಷದ ಮೈಕು

ಫ್ಲಷಿಂಗಿನ ಗಣೇಶ ದೇವಸ್ಥಾನಕ್ಕೆ ಒಮ್ಮೆಯೂ ಹೋಗದ ಕನ್ನಡಿಗರು ನಮ್ಮ ನ್ಯೂಯಾರ್ಕ್-ನ್ಯೂಜೆರ್ಸಿ ಸೀಮೆಯಲ್ಲಿ ಅಪರೂಪ. ಪಾರ್ಕಿಂಗ್ ಹುಡುಕಲು ಅರ್ಧ ಗಂಟೆ, ದರ್ಶನಕ್ಕೆ ಹತ್ತು ನಿಮಿಷ, ಆಮೇಲೆ ಕೆಳಗಿನ ಕ್ಯಾಂಟೀನಿನಲ್ಲಿ ದೋಸೆಗಾಗಿ ಇನ್ನೊಂದು ಅರ್ಧ ಗಂಟೆ. 1977ರಲ್ಲಿ ಕುಂಭಾಭಿಷೇಕವಾದ ಈ ದೇವಸ್ಥಾನ ಇರುವುದು ಬೌನ್ ಸ್ಟ್ರೀಟಿನಲ್ಲಿ. 2022ರಲ್ಲಿ ನಗರದವರು ಆ ಬೀದಿಗೆ ‘ಗಣೇಶ ಟೆಂಪಲ್ ಸ್ಟ್ರೀಟ್’ ಎಂಬ ಜೋಡಿ ಹೆಸರನ್ನೂ ಕೊಟ್ಟು ಬೋರ್ಡು ನೆಟ್ಟರು. ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡವರು ಬಹಳ ಮಂದಿ. ಆದರೆ ಈ ಬೌನ್ ಯಾರಪ್ಪಾ ಎಂದು ಕೇಳಿದವರನ್ನು ಮಾತ್ರ ನಾನು ಕಂಡಿಲ್ಲ.

ದೋಸೆ ಅರಗಿಸಿಕೊಳ್ಳಲೆಂದು ಅದೇ ಬೀದಿಯಲ್ಲಿ ಉತ್ತರಕ್ಕೆ ನಡೆಯುತ್ತಾ ಹೋಗಿ. ಒಂದು ಮೈಲಿಯೊಳಗೇ ಹಳೇ ಕಾಲದ ಮರದ ಮನೆಯೊಂದು ಸಿಗುತ್ತದೆ. ಜಾನ್ ಬೌನ್ ಎಂಬ ಇಂಗ್ಲಿಷ್ ವಲಸಿಗ 1661ರ ಸುಮಾರಿಗೆ ಕಟ್ಟಿಸಿದ ಮನೆ. ಆಗ ನ್ಯೂಯಾರ್ಕ್ ಎಂಬ ಹೆಸರೇ ಇರಲಿಲ್ಲ. ಡಚ್ಚರ ಆಳ್ವಿಕೆ. ಊರಿನ ಹೆಸರು ವ್ಲಿಸ್ಸಿಂಗೆನ್. ಅದೇ ನಾಲಿಗೆಯಿಂದ ನಾಲಿಗೆಗೆ ತಿರುಗಿ ಫ್ಲಷಿಂಗ್ ಆಯಿತು. ಗವರ್ನರ್ ಪೀಟರ್ ಸ್ಟೈವೆಸೆಂಟ್ ಕ್ವೇಕರ್ ಪಂಥದವರನ್ನು ಯಾರೂ ಮನೆಗೆ ಸೇರಿಸಬಾರದೆಂದು ಕಟ್ಟಪ್ಪಣೆ ಮಾಡಿದ್ದ. 1657ರ ಡಿಸೆಂಬರ್ 27ರಂದು ಊರಿನ ಮೂವತ್ತು ಜನ ಕೂಡಿ, ಈ ಅಪ್ಪಣೆಯನ್ನು ನಾವು ಪಾಲಿಸಲಾರೆವು ಎಂದು ಮನವಿಪತ್ರ ಬರೆದು ಸಹಿ ಹಾಕಿದರು. ಬರೆದವನು ಊರಿನ ಕ್ಲಾರ್ಕ್ ಎಡ್ವರ್ಡ್ ಹಾರ್ಟ್. ವಿಶೇಷವೆಂದರೆ ಸಹಿ ಹಾಕಿದವರು ತಾವೇ ಕ್ವೇಕರುಗಳಲ್ಲ. ಬೇರೆಯವರ ಪರವಾಗಿ ಬರೆದುಕೊಟ್ಟು, ಕೆಲವರು ಜೈಲಿಗೂ ಹೋದರು, ಹಾರ್ಟ್ ಕೂಡ. ಐದು ವರ್ಷದ ಮೇಲೆ ಬೌನ್ ತನ್ನ ಮನೆಯಲ್ಲೇ ಕ್ವೇಕರ್ ಪ್ರಾರ್ಥನೆಗೆ ಜಾಗ ಕೊಟ್ಟು ಗಡೀಪಾರಾದ. ಹಾಲೆಂಡಿನವರೆಗೂ ಹೋಗಿ ಕಂಪನಿಯ ಯಜಮಾನರ ಮುಂದೆ ವಾದಿಸಿದ. 1663ರಲ್ಲಿ ಅವರು ಸ್ಟೈವೆಸೆಂಟನಿಗೆ ಸುಮ್ಮನಿರಲು ಹೇಳಿ ಕಾಗದ ಬರೆದರು. ಅದೇ ಬೀದಿಯಲ್ಲಿ ಇವತ್ತು ನಮ್ಮ ಗಣಪ್ಪ ಕಡುಬು ತಿನ್ನುತ್ತಾ ಕೂತಿದ್ದಾನೆ.

ಇಷ್ಟೆಲ್ಲಾ ಪೀಠಿಕೆ ಹಾಕಿದ್ದು ಒಂದು ಚಿಕ್ಕ ಊರಿನ ಸಭೆ, ಅದರ ಕ್ಲಾರ್ಕು, ಒಂದು ಅರ್ಜಿ ಎಷ್ಟು ದೂರ ಹೋಗಬಲ್ಲದು ಎಂದು ತೋರಿಸುವುದಕ್ಕೆ. ಈಗ ಸೇತುವೆ ದಾಟಿ, ಟೋಲ್ ತೆತ್ತು, ನಮ್ಮ ನ್ಯೂಜೆರ್ಸಿಗೆ ಬನ್ನಿ.

ಈ ಪುಟ್ಟ ರಾಜ್ಯದಲ್ಲಿ 564 ಊರಾಡಳಿತಗಳಿವೆ. ಸಿಟಿ, ಟೌನ್, ಟೌನ್‌ಶಿಪ್, ಬರೋ, ವಿಲೇಜ್ ಎಂದು ಐದು ಜಾತಿ. ಬರೋ ಎಂದರೇನು, ಟೌನ್‌ಶಿಪ್ ಎಂದರೇನು ಎಂದು ಇಪ್ಪತ್ತು ವರ್ಷ ಇಲ್ಲಿದ್ದವರನ್ನು ಕೇಳಿದರೂ ತಲೆ ಕೆರೆದುಕೊಳ್ಳುತ್ತಾರೆ. ಪ್ರಿನ್ಸ್‌ಟನ್ ಬರೋ ಮತ್ತು ಅದನ್ನು ಸುತ್ತುವರಿದ ಪ್ರಿನ್ಸ್‌ಟನ್ ಟೌನ್‌ಶಿಪ್, ಕಡುಬಿನ ಹೂರಣ ಮತ್ತು ಕಣಕದ ಹಾಗೆ ಇದ್ದರೂ, ಎರಡು ಮೇಯರು, ಎರಡು ಪೊಲೀಸು ಇಟ್ಟುಕೊಂಡು ದಶಕಗಟ್ಟಲೆ ಬಾಳಿದವು. 2011ರ ನವೆಂಬರಿನಲ್ಲಿ ಜನ ವೋಟು ಹಾಕಿದ ಮೇಲೆ 2013ರ ಜನವರಿ 1ರಿಂದ ಒಂದಾದವು. ನಮ್ಮ ಕನ್ನಡ ಸಂಘಗಳು ಒಡೆಯುವುದನ್ನು ನೋಡಿದವರಿಗೆ ಎರಡು ಒಂದಾಗುವುದು ಸೋಜಿಗವೇ ಸರಿ!

ಪ್ರತಿ ಊರಿಗೂ ಒಂದು ಮುನಿಸಿಪಲ್ ಬಿಲ್ಡಿಂಗು. ಹೆಚ್ಚಾಗಿ ಇಟ್ಟಿಗೆಯದು, ಪಕ್ಕದಲ್ಲೇ ಪೊಲೀಸ್ ಠಾಣೆ, ಹತ್ತಿರದಲ್ಲೇ ಲೈಬ್ರರಿ. ಮಕ್ಕಳ ಪುಸ್ತಕ ಹಿಂದಿರುಗಿಸಲು ಲೈಬ್ರರಿಗೆ ನೂರು ಸಲ ಹೋಗುವ ನಾವು ಪಕ್ಕದ ಆ ಕಟ್ಟಡಕ್ಕೆ ಹೋಗುವುದು ಮನೆಯ ಹಿಂದೆ ಡೆಕ್ ಕಟ್ಟಲು ಪರ್ಮಿಟ್ ಬೇಕಾದಾಗ ಮಾತ್ರ. 2024ರಲ್ಲಿ ಈ ರಾಜ್ಯದ ಮನೆತೆರಿಗೆಯ ಸರಾಸರಿ ವರ್ಷಕ್ಕೆ 10,000 ಡಾಲರ್ ದಾಟಿತು. ಅದನ್ನು ಕಟ್ಟುವಾಗ ಗೊಣಗುತ್ತೇವೆ. ಆ ದುಡ್ಡು ಎಲ್ಲಿಗೆ ಹೋಯಿತು ಎಂದು ಸಂಜೆ ಏಳೂವರೆಗೆ ಬಾಗಿಲು ತೆಗೆದು ಹೇಳುವ ಜಾಗಕ್ಕೆ ಮಾತ್ರ ಹೋಗುವುದಿಲ್ಲ. ಹೋಗಲಿ ಬಿಡಿ, ನಮ್ಮ ಕೂಟದ ಜನರಲ್ ಬಾಡಿ ಮೀಟಿಂಗಿಗೇ ಊಟಕ್ಕೆ ಮುಂಚೆ ಇಟ್ಟರಷ್ಟೇ ಕೋರಂ ಸಿಗುವುದು.

ನಾನು ಮೊದಲ ಸಲ ಒಳಗೆ ಕಾಲಿಟ್ಟಿದ್ದು ನಮ್ಮ ಮಾವನವರ ದೆಸೆಯಿಂದ. ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು, ಆರು ತಿಂಗಳಿಗೆಂದು ಬಂದಿದ್ದರು. ಸೀರೆಗೆ ಸ್ನೀಕರ್ಸ್ ತೊಟ್ಟ ಅತ್ತೆಯವರ ಜೊತೆ ದಿನಾ ಬೆಳಿಗ್ಗೆ ವಾಕಿಂಗ್. ನಮ್ಮ ಡೆವಲಪ್‌ಮೆಂಟಿನಿಂದ ಅಂಗಡಿ ಸಾಲಿಗೆ ಅರ್ಧ ಮೈಲಿ. ಸೈಡ್‌ವಾಕ್ ಇಲ್ಲ, ಪಕ್ಕದಲ್ಲಿ ಚರಂಡಿಯ ತಗ್ಗು, ಕಾರುಗಳು ಐವತ್ತರ ವೇಗದಲ್ಲಿ. “ಅಳಿಯಂದಿರೇ, ಇದು ಯಾರ ಸುಪರ್ದಿಗೆ ಬರುತ್ತೆ? ಅರ್ಜಿ ಯಾರಿಗೆ ಕೊಡಬೇಕು?” ಎಂದು ಒಂದು ದಿನ ಕೇಳಿದರು. ಅರ್ಜಿ ಬೇಕಿಲ್ಲ, ಮೀಟಿಂಗಿಗೆ ಹೋಗಿ ಹೇಳಬಹುದಂತೆ ಎಂದೆ. ಅವರಿಗೆ ನಂಬಿಕೆ ಬರಲಿಲ್ಲ. “ವೋಟಿಲ್ಲ, ಸಿಟಿಜನ್ನಲ್ಲ, ನನ್ನ ಮಾತು ಕೇಳ್ತಾರೆಯೇ?”

ಕೇಳುತ್ತಾರೆ. 1975ರಲ್ಲಿ ನ್ಯೂಜೆರ್ಸಿಯವರು ಮಾಡಿದ ಕಾನೂನಿಗೆ ಜನ ಇಟ್ಟ ಹೆಸರು ‘ಸನ್‌ಶೈನ್’ ಕಾನೂನು. ಊರಿನ ಸಭೆ ಕದ ತೆರೆದೇ ನಡೆಯಬೇಕು, ಕನಿಷ್ಠ 48 ಗಂಟೆ ಮುಂಚೆ ನೋಟೀಸು ಕೊಡಬೇಕು. ಕೋರ್ಟ್ ವ್ಯಾಜ್ಯ, ನೌಕರರ ವಿಚಾರದಂಥ ಕೆಲವಕ್ಕೆ ಮಾತ್ರ ಬಾಗಿಲು ಮುಚ್ಚಬಹುದು. 2002ರಲ್ಲಿ ಇನ್ನೊಂದು ಸಾಲು ಸೇರಿತು: ಕೌನ್ಸಿಲ್ ಆಗಲಿ, ಸ್ಕೂಲ್ ಬೋರ್ಡ್ ಆಗಲಿ, ಪ್ರತಿ ಸಭೆಯಲ್ಲೂ ಸಾರ್ವಜನಿಕರ ಮಾತಿಗೆ ಸಮಯ ಇಡಲೇಬೇಕು. ಸಾರ್ವಜನಿಕರು ಅಂದರೆ ಸಾರ್ವಜನಿಕರು. ಪಾಸ್‌ಪೋರ್ಟಿನ ಬಣ್ಣದ ಮಾತಿಲ್ಲ. ಎಚ್-1 ಆಗಲಿ, ಗ್ರೀನ್ ಕಾರ್ಡ್ ಆಗಲಿ, ವಿಸಿಟರ್ ವೀಸಾ ಆಗಲಿ. ಎಷ್ಟು ನಿಮಿಷ ಎಂಬುದನ್ನು ಮಾತ್ರ ಆಯಾ ಊರೇ ಗೊತ್ತು ಮಾಡುತ್ತದೆ. ನಮ್ಮಲ್ಲಿ ಮೂರು.

ಹೋದೆವು. ಐವತ್ತು ಕುರ್ಚಿ, ಒಂಬತ್ತು ಜನ. ಬಾವುಟಕ್ಕೆ ವಂದನೆ, ಕ್ಲಾರ್ಕಿನಿಂದ ಹಾಜರಿ, ನೋಟೀಸು ಕೊಟ್ಟಿದ್ದೇವೆಂಬ ಮಂತ್ರಪಠಣ, ಕಸ ಎತ್ತುವ ಕಂಟ್ರಾಕ್ಟು, ನಾಯಿ ಲೈಸೆನ್ಸು, ಪೊಲೀಸ್ ಕಾರಿಗೆ ಟೈರು. ನನಗೆ ಆಕಳಿಕೆ; ಮಾವನವರಿಗೆ ಮಾತ್ರ ಹರಿಕಥೆ ಕೇಳಿದಷ್ಟು ಆನಂದ. ರೆಸಲ್ಯೂಶನ್ ಆದರೆ ಅಂದೇ ವೋಟು. ಆರ್ಡಿನೆನ್ಸ್ ಆದರೆ ಒಮ್ಮೆ ಮಂಡಿಸಿ, ಪ್ರಕಟಿಸಿ, ಎರಡನೆಯ ಓದಿಗೆ ಮುಂಚೆ ಜನರ ಅಭಿಪ್ರಾಯ ಕೇಳಿಯೇ ಪಾಸು ಮಾಡಬೇಕು ಎಂಬ ಸೂಕ್ಷ್ಮವನ್ನು ಅವರು ಅಲ್ಲಿಯೇ ಹಿಡಿದುಬಿಟ್ಟರು. “ನಮ್ಮ ರಂಗಾಚಾರ್ಲು ಅವರ ಪ್ರಜಾಪ್ರತಿನಿಧಿ ಸಭೆ ಇದೇ ಥರ ಇದ್ದಿರಬೇಕು” ಎಂದು ಪಿಸುಗುಟ್ಟಿದರು. 1881ರ ದಸರೆಗೆ ತಾಲ್ಲೂಕುಗಳಿಂದ ರೈತರನ್ನೂ ವರ್ತಕರನ್ನೂ ಮೈಸೂರಿಗೆ ಕರೆಸಿ ದಿವಾನರು ಅಹವಾಲು ಕೇಳಿದ ಸಭೆ ಅದು. ಮೊದಲ ಸಲ ಬಂದವರು 144 ಜನ. ಕೇಳಿಕೊಳ್ಳುವುದಷ್ಟೇ ಅವರ ಪಾಲಿಗೆ, ವೋಟಿರಲಿಲ್ಲ. ಮಾವನವರ ಸ್ಥಿತಿಯೂ ಅಂದು ಹಾಗೆಯೇ ಇತ್ತಲ್ಲ.

ಸರದಿ ಬಂತು. ಹೆಸರು, ವಿಳಾಸ ಹೇಳಿ ಎಂದರು ಕ್ಲಾರ್ಕ್. “ಪರ್ಮನೆಂಟ್ ಅಡ್ರೆಸ್ಸೋ ಟೆಂಪರರಿಯೋ?” ಎಂದರು ಮಾವನವರು. ಸಭೆ ನಕ್ಕಿತು. ನಾಲ್ಕು ಪುಟ ಬರೆದುಕೊಂಡು ಹೋಗಿದ್ದರು. ಪೀಠಿಕೆ ಮುಗಿಯುವ ಹೊತ್ತಿಗೆ ಎರಡು ನಿಮಿಷ. ಕಾಗದ ಮಡಿಸಿ ಜೇಬಿಗಿಟ್ಟು ಹೇಳಿದರು, ನಾನು ಅಕ್ಟೋಬರಿನಲ್ಲಿ ವಾಪಸು ಹೋಗುವವನು, ನನಗೇನೂ ಬೇಡ. ಆದರೆ ದಿನಾ ಸಂಜೆ ಒಬ್ಬ ಹುಡುಗ ಗ್ಯಾಸ್ ಸ್ಟೇಷನ್ ಕೆಲಸ ಮುಗಿಸಿ ಆ ರಸ್ತೆಯಲ್ಲಿ ಕತ್ತಲಲ್ಲಿ ನಡೆದು ಹೋಗುತ್ತಾನೆ. ಕಪ್ಪು ಜಾಕೆಟ್ಟು. ಒಬ್ಬ ತಾಯಿ ಮಗುವಿನ ಗಾಡಿ ತಳ್ಳಿಕೊಂಡು ಬರುತ್ತಾಳೆ. ಅವರಿಬ್ಬರೂ ಇಲ್ಲಿಗೆ ಬರುವುದಿಲ್ಲ, ಅದಕ್ಕೆ ನಾನು ಬಂದೆ. ಗಂಟೆ ಬಾರಿಸಿತು. ಎಂಜಿನಿಯರಿಗೆ ಹೇಳುತ್ತೇವೆ ಎಂದರು ಮೇಯರ್.

ಈ ನಮ್ಮ ಫುಟ್‌ಪಾತಿನ ಕಥೆ ಚಿಕ್ಕದು. ಅಂಥದೇ ಕೋಣೆಗಳಲ್ಲಿ ಇನ್ನೂ ದೊಡ್ಡದು ನಡೆಯುತ್ತದೆ. ಕೌನ್ಸಿಲಿನ ತಮ್ಮಂದಿರೆಂಬಂತೆ ಪ್ಲಾನಿಂಗ್ ಬೋರ್ಡು, ಜೋನಿಂಗ್ ಬೋರ್ಡು ಇರುತ್ತವೆ. ಯಾವ ಜಾಗದಲ್ಲಿ ಏನು ಕಟ್ಟಬಹುದು, ಎಷ್ಟು ಕಾರು ನಿಲ್ಲಬೇಕು ಎಂಬುದೆಲ್ಲ ಅವರ ಕೈಯಲ್ಲಿ. ಬಾಸ್ಕಿಂಗ್ ರಿಜ್ ಗೊತ್ತಲ್ಲ, ಬರ್ನಾರ್ಡ್ಸ್ ಟೌನ್‌ಶಿಪ್? ಅಲ್ಲಿನ ಮುಸ್ಲಿಂ ಕುಟುಂಬಗಳು 2012ರಲ್ಲಿ ಚಿಕ್ಕ ಮಸೀದಿಗೆ ಅರ್ಜಿ ಹಾಕಿದವು. ಮುಂದಾಳು ಅದೇ ಊರಿನ ಮಾಜಿ ಮೇಯರ್ ಮೊಹಮ್ಮದ್ ಅಲಿ ಚೌಧರಿ. 150 ಜನ ಕೂಡುವ ಜಾಗಕ್ಕೆ ಮೂವರಿಗೊಂದರಂತೆ 50 ಕಾರಿನ ಜಾಗ ಸಾಕು ಎಂಬುದು ಚರ್ಚುಗಳಿಗೆ, ಸಿನಗಾಗುಗಳಿಗೆ ನಡೆದು ಬಂದ ಲೆಕ್ಕ. ಇವರಿಗೆ ಮಾತ್ರ 107 ಬೇಕೆಂದಿತು ಬೋರ್ಡು. ಸುಮಾರು ನಾಲ್ಕು ವರ್ಷ, 39 ವಿಚಾರಣೆ! 2015ರ ಡಿಸೆಂಬರಿನಲ್ಲಿ ಇಲ್ಲವೆಂದರು. 2016ರ ಕೊನೆಯ ದಿನ ಫೆಡರಲ್ ನ್ಯಾಯಾಧೀಶರು, ಇದು ಒಬ್ಬರಿಗೊಂದು ಇನ್ನೊಬ್ಬರಿಗೊಂದು ಅಳತೆ ಎಂದು ತೀರ್ಪಿತ್ತರು. 2017ರಲ್ಲಿ 32.5 ಲಕ್ಷ ಡಾಲರಿಗೆ ರಾಜಿಯಾಗಿ ಮಸೀದಿಗೆ ಅನುಮತಿ ಸಿಕ್ಕಿತು.

ಇದು ನಮಗೇಕೆ ಎನ್ನುವಿರಾ? ಪಕ್ಕದ ಬ್ರಿಡ್ಜ್‌ವಾಟರಿನ ಬಾಲಾಜಿ ಮಂದಿರಕ್ಕೆ ಹೋಗುತ್ತೀರಲ್ಲ, ವಿಳಾಸವೇ ಬಾಲಾಜಿ ಟೆಂಪಲ್ ಡ್ರೈವ್. 1998ರಲ್ಲಿ ತೆರೆದದ್ದು. ಅದೇ ಬ್ರಿಡ್ಜ್‌ವಾಟರಿನ ಕೌನ್ಸಿಲ್ 2011ರಲ್ಲಿ ಮಸೀದಿಯೊಂದರ ಅರ್ಜಿ ಮುಂದಿರುವಾಗಲೇ ಪ್ರಾರ್ಥನಾ ಮಂದಿರಗಳು ಯಾವ ರಸ್ತೆಯಲ್ಲಿ ಇರಬಹುದೆಂಬ ನಿಯಮವನ್ನು ಬದಲಾಯಿಸಿತು, 2014ರಲ್ಲಿ 77.5 ಲಕ್ಷ ಡಾಲರಿನ ರಾಜಿಯಲ್ಲಿ ಮುಗಿಯಿತು. ನಿಯಮದಲ್ಲಿ ಬರೆಯುವುದು ‘ಪ್ರಾರ್ಥನಾ ಮಂದಿರ’ ಎಂದು. ಅದರಲ್ಲಿ ನಮ್ಮದೂ ಸೇರಿತು. ಎಡಿಸನ್ನಿನಲ್ಲಿ ರಾರಿಟನ್ ಸೆಂಟರಿನ ನವರಾತ್ರಿ ಗರ್ಬಾದ ಸದ್ದು-ಸಮಯದ ಜಗಳ ಟೌನ್‌ಶಿಪ್ಪಿನ ಆರ್ಡಿನೆನ್ಸಿನಿಂದ ಹೊರಟು 1996ರಲ್ಲಿ ಫೆಡರಲ್ ಕೋರ್ಟಿನಲ್ಲಿತ್ತು. 2010ರಲ್ಲಿ ನಾವೆಲ್ಲ ‘ಅಕ್ಕ’ ಸಮ್ಮೇಳನದ ಬ್ಯಾಡ್ಜು ನೇತುಹಾಕಿಕೊಂಡು ಓಡಾಡಿದ್ದೂ ಆ ರಾರಿಟನ್ ಸೆಂಟರಿನಲ್ಲೇ. ಬರ್ನಾರ್ಡ್ಸಿನ ಆ 39 ಸಂಜೆಗಳಲ್ಲಿ ನಮ್ಮವರು ಯಾರಾದರೂ ಮೈಕಿನ ಮುಂದೆ ನಿಂತಿದ್ದರೆ ನನಗೆ ಸಂತೋಷ.

ನೆರೆಹೊರೆಯವರ ದೂರೆಲ್ಲ ದ್ವೇಷವೇ ಎನ್ನುವುದೂ ಸರಿಯಲ್ಲ. ರಾತ್ರಿಯ ಸದ್ದು, ಬೀದಿ ತುಂಬಾ ನಿಂತ ಕಾರು ನಿಜವಾದ ತೊಂದರೆಗಳೇ. ನಮ್ಮ ಸೈಡ್‌ವಾಕ್ ವಿಚಾರದಲ್ಲೇ ಅದು ನನಗೆ ಕಂಡಿದ್ದು. ಮಾವನವರು ಊರಿಗೆ ಹೋಗಿ ವರ್ಷವಾದ ಮೇಲೆ ಎಂಜಿನಿಯರ್ ವರದಿ ಬಂತು. ರಸ್ತೆಯ ಅರ್ಧ ಕೌಂಟಿಗೆ ಸೇರಿದ್ದು, ಅರ್ಧ ಊರಿಗೆ! ಊರಿನ ಭಾಗಕ್ಕೆ ಸಾಲ ಎತ್ತುವ ಆರ್ಡಿನೆನ್ಸ್ ಮಂಡಿಸಿದರು. ಎರಡನೆಯ ಓದಿನ ದಿನ ಕುರ್ಚಿ ಸಾಲದೆ ಜನ ಗೋಡೆಗೊರಗಿ ನಿಂತರು. ಬಹುಪಾಲು ವಿರೋಧ. ಮನೆಮುಂದೆ ಸೈಡ್‌ವಾಕ್ ಬಂದರೆ ಹಿಮ ಎತ್ತುವ ಕೆಲಸ ಮನೆಯವರದೇ. ಹಾಗೆ ಎದ್ದು ನಿಂತವರಲ್ಲಿ ನಮ್ಮ ದಾವಣಗೆರೆ ಕಡೆಯವರೊಬ್ಬರು. ಯುಗಾದಿಯಲ್ಲಿ ಪಕ್ಕದಲ್ಲೇ ಕೂತು ಹೋಳಿಗೆ ಉಂಡವರು. ಅವರದು ಮೂಲೆ ಮನೆ, ಇನ್ನೂರು ಅಡಿ ಉದ್ದ. ಬೆನ್ನಿಗೆ ಆಪರೇಷನ್ ಆಗಿದೆ, ಇಪ್ಪತ್ತನಾಲ್ಕು ಗಂಟೆಯಲ್ಲಿ ನಾನು ಹೇಗೆ ಎತ್ತಲಿ ಎಂದು ಕೇಳಿದರು. ನನಗೆ ಮೊದಲು ಸಿಟ್ಟು ಬಂತು. ಆದರೆ ಅವರು ಬಂದು ಎದುರಿಗೇ ಹೇಳಿದರು; ಮನೆಯಲ್ಲಿ ಕೂತು ಗೊಣಗುವವರಿಗಿಂತ ಸಾವಿರ ಪಾಲು ಮೇಲು. ನಾನೂ ಎದ್ದೆ. ಗ್ಯಾಸ್ ಸ್ಟೇಷನ್ ಹುಡುಗನ ಕಪ್ಪು ಜಾಕೆಟ್ಟಿನ ವಿಷಯ ಹೇಳುವಷ್ಟರಲ್ಲಿ ನನ್ನ ಮೂರು ನಿಮಿಷವೂ ಮುಗಿಯಿತು.

ಸಾಲದ ಆರ್ಡಿನೆನ್ಸಿಗೆ ಮೂರರಲ್ಲಿ ಎರಡು ಪಾಲು ಒಪ್ಪಿಗೆ ಬೇಕು. ಐವರ ಕೌನ್ಸಿಲಿನಲ್ಲಿ ನಾಲ್ಕು ಕೈ. ಹತ್ತೂಕಾಲಕ್ಕೆ ಕ್ಲಾರ್ಕು ಒಬ್ಬೊಬ್ಬರ ಹೆಸರು ಕೂಗಿದರು. ನಾಲ್ಕು ಹೌದು, ಒಂದು ಇಲ್ಲ. ರಸ್ತೆಯ ಒಂದು ಪಕ್ಕಕ್ಕೆ ಮಾತ್ರ, ದಾವಣಗೆರೆಯವರ ಮೂಲೆ ಮನೆಯ ಎದುರು ಪಕ್ಕಕ್ಕೆ.

ರಾತ್ರಿಯೇ ಊರಿಗೆ ಫೋನು ಮಾಡಿದೆ; ಅಲ್ಲಿ ಬೆಳಗಿನ ಕಾಫಿ ಹೊತ್ತು. ಮಾವನವರು ಅಗಲ ಎಷ್ಟು, ಎಸ್ಟಿಮೇಟ್ ಎಷ್ಟು, ಟೆಂಡರ್ ಯಾವಾಗ ಎಂದೆಲ್ಲ ವಿಚಾರಿಸಿದರು. ಆಮೇಲೆ ಸ್ವಲ್ಪ ತಡೆದು, “ಕೌಂಟಿಯವರ ಅರ್ಧಕ್ಕೆ ಮೀಟಿಂಗು ಯಾವತ್ತು, ಅಳಿಯಂದಿರೇ?” ಎಂದರು.