ಗಾಂಧಿ ಕ್ಲಾಸಿನಲ್ಲಿ ಅತ್ತರೆ ತಪ್ಪೇನು?

ಶಿಳ್ಳೆ ಹೊಡೆಯೋದನ್ನ ನಮ್ಮ ಕೋಲಾರದ ಹುಡುಗರಿಗೆ ಯಾರೂ ಹೇಳಿಕೊಡಬೇಕಿಲ್ಲ ಸ್ವಾಮಿ! ಪರದೆ ಮೇಲೆ ಹೀರೋನ ಕಾಲು ಕಂಡರೆ ಸಾಕು, ಕಾಗದದ ಚೂರು ಹಾರುತ್ತೆ. ಆದರೆ ಅಳು? ಅದು ಮಾತ್ರ ಕಳ್ಳಮಾಲು. ಲೈಟ್ ಹತ್ತುವ ಮುಂಚೆ ಒರೆಸಿಕೊಂಡುಬಿಡಬೇಕು!

'ಆಪ್ತಮಿತ್ರ' ನೆನಪಿಸಿಕೊಳ್ಳಿ. ನಮ್ಮ ಮುಳಬಾಗಿಲು ಕಡೆಯ ಸೌಂದರ್ಯ 2004ರ ಏಪ್ರಿಲ್ 17ರಂದು ವಿಮಾನ ದುರಂತದಲ್ಲಿ ಹೋಗಿಬಿಟ್ಟರು. ಚಿತ್ರ ತೆರೆ ಕಂಡದ್ದು ಆಗಸ್ಟಿನಲ್ಲಿ. ನಾಗವಲ್ಲಿಯಾಗಿ ಸಿಡಿಯೋ ಗಂಗಾಳನ್ನ ಮನೋವೈದ್ಯ ವಿಷ್ಣುವರ್ಧನ್ ಹೇಗೆ ಬಿಡಿಸ್ತಾರೆ? ಗೊಂಬೆ ಮುಂದಿಟ್ಟು, ಅದರ ಮೇಲೇ ಸೇಡು ತೀರಿಸಿಕೊಳ್ಳೋಕೆ ಬಿಡ್ತಾರೆ. ಸಿನಿಮಾಕ್ಕೆ ಭೇಷ್! ನಮಗೆ ನಿಮಗೆ ಆ ಔಷಧಿ ಹಿಡಿಯಲ್ಲ. ಅಮೆರಿಕದ ಬ್ರಾಡ್ ಬುಶ್‌ಮನ್ 2002ರಲ್ಲಿ ಪ್ರಕಟಿಸಿದ ಪ್ರಯೋಗ ಹೇಳೋದೇ ಬೇರೆ. ಸಿಟ್ಟು ಬರಿಸಿದವನನ್ನು ನೆನೆದು ಬಾಕ್ಸಿಂಗ್ ಚೀಲಕ್ಕೆ ಗುದ್ದಿದವರ ಕೋಪ, ಸುಮ್ಮನೆ ಕೂತವರ ಕೋಪಕ್ಕಿಂತ ಹೆಚ್ಚಾಗಿತ್ತಂತೆ!

ಅಪ್ಪ ಮಾಲೂರಿನಲ್ಲಿ ಹೆಂಚಿನ ಕೆಲಸ ಮಾಡಿದವರು. ಅವರು ತೀರಿಕೊಂಡಾಗ ನಾನು ಎರಡನೇ ಪಿಯುಸಿ. ತಮಟೆ ಬಡಿತಕ್ಕೆ ಚಿಕ್ಕಪ್ಪಂದಿರು ಹೆಣದ ಮುಂದೆ ಕುಣಿಕುಣಿದು ಅತ್ತರು. ನನಗೆ ಮಾತ್ರ, "ಮನೆಗೆ ದೊಡ್ಡೋನು ಕಣೋ ನೀನು, ಅಳಬಾರ್ದು" ಅಂದರು. ಅಳಲಿಲ್ಲ. ಕಾಲೇಜು ಬಿಟ್ಟೆ. ಊಟ ಸೇರದು, ನಿದ್ದೆ ಹತ್ತದು, ಎದೆ ಮೇಲೆ ಹೆಂಚು ಪೇರಿಸಿಟ್ಟ ಹಾಗೆ... ಮಾತೆತ್ತಿದರೆ ಮೈಯೆಲ್ಲಾ ಉರಿ.

ಮಾವಿನ ಕಾಲ ಬಂತು. ಶ್ರೀನಿವಾಸಪುರದ ಸೋದರಮಾವ ತೋಪಿಗೆ ಕರಕೊಂಡು ಹೋದರು. ಕಾಯಿ ಕೀಳ್ತಾ ಕೀಳ್ತಾ, "ನಿನ್ನ ಸೈಕಲ್ಲಿಗೆ ನಿಮ್ಮಪ್ಪ ನನ್ನ ಹತ್ರಾನೇ ಸಾಲ ತಗೊಂಡಿದ್ದು, ಗೊತ್ತೇನೋ?" ಅಂದರು. ಅಷ್ಟೇ! ಬುಟ್ಟಿ ಕೆಳಗಿಟ್ಟು ಹೋ ಅಂತ ಅತ್ತೆ. ಮಾವ ಸಮಾಧಾನ ಹೇಳಲಿಲ್ಲ, ಬುದ್ಧಿವಾದ ಮೊದಲೇ ಇಲ್ಲ. ಬೀಡಿ ಹಚ್ಚಿ ಪಕ್ಕದಲ್ಲಿ ಕೂತರು. ಅಂಥ ಉಪಕಾರ ನನಗೆ ಇನ್ಯಾರೂ ಮಾಡಿಲ್ಲ. ಆವತ್ತು ರಾತ್ರಿ ತೋಪಿನ ಗುಡಿಸಲಲ್ಲಿ ಸತ್ತ ಹಾಗೆ ನಿದ್ದೆ!

ಇಂಥ ಮಾವ ಎಲ್ಲರಿಗೂ ಎಲ್ಲಿ ಸಿಗ್ತಾರೆ ಅಂತೀರಾ? ಬಾಯಿಬಿಡಲಾಗದಿದ್ದರೆ ಬರೆಯಿರಿ. ದಿನಕ್ಕೆ 15 ನಿಮಿಷ, ನಾಲ್ಕು ದಿನ. 1986ರಲ್ಲಿ ಜೇಮ್ಸ್ ಪೆನ್ನೆಬೇಕರ್ ವಿದ್ಯಾರ್ಥಿಗಳಿಂದ ಹೀಗೇ ಬರೆಸಿದ್ದರು. ನೋವನ್ನು ಮನಬಿಚ್ಚಿ ಬರೆದವರು ಮುಂದಿನ ತಿಂಗಳುಗಳಲ್ಲಿ ಡಾಕ್ಟರ ಹತ್ತಿರ ಹೋದದ್ದು ಕಡಿಮೆಯಂತೆ. ಬರೆದ ಹಾಳೆ ಯಾರಿಗೂ ತೋರಿಸಬೇಕಿಲ್ಲ. ನಾನಂತೂ ಅಂತರಗಂಗೆ ಮೆಟ್ಟಿಲು ಹತ್ತಿ ಕೂತು ಬರೀತೀನಿ, ಕೋತಿಗಳ ಕಾಟ ತಡೆದುಕೊಂಡು! ಅದೂ ಆಗದು, ಬದುಕೇ ಬೇಡ ಅನ್ನಿಸ್ತಿದೆ ಅಂದರೆ 14416ಕ್ಕೆ ಫೋನ್ ಮಾಡಿ. 2022ರಲ್ಲಿ ಶುರುವಾದ ಟೆಲಿ-ಮಾನಸ್ ಅದು. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡ್ತಾರೆ, ಕಾಸಿಲ್ಲ.